ಕಾಣಿಸಿತು ಅನ್ನಬೇಕು

ಆ ಸಂಜೆ ನನ್ನ ಹಳೆಯ ಕ್ಯಾಮೆರಾ ಕೆಟ್ಟಿದೆ ಎಂದೇ ನಾನು ಮೊದಲು ತಿಳಿದದ್ದು. ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಕ್ಯಾಮೆರಾ ರಿಪೇರಿ ಮಾಡುವವರು ಜಯನಗರದಲ್ಲೇ ಸಿಗುತ್ತಾರೆ.

ಹದಿನಾಲ್ಕು ವರ್ಷದಿಂದ ಮದುವೆ ಫೋಟೊ ತೆಗೆಯುವುದು ನನ್ನ ಕೆಲಸ. ಬನಶಂಕರಿಯಿಂದ ತಲಘಟ್ಟಪುರದವರೆಗೆ ಮದುವೆ ಮನೆಗಳಲ್ಲಿ ವಾರಿಜಾ ಮೇಡಂ ಎಂದರೆ ಗೊತ್ತಾಗುತ್ತದೆ. ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಬೈಯುತ್ತಾರೆ ಎಂದೂ ಸೇರಿಸಿ ಹೇಳುತ್ತಾರಂತೆ. ಸುಳ್ಳೇನಲ್ಲ. ಮೊಬೈಲು ಹಿಡಿದುಕೊಂಡು ಅಡ್ಡ ಬರುವ ಮಾವಂದಿರನ್ನು ಬೈಯದೆ ಯಾರೂ ಒಂದು ಮಾಂಗಲ್ಯಧಾರಣೆಯನ್ನು ಸರಿಯಾಗಿ ತೆಗೆದಿಲ್ಲ.

ಪುಟ್ಟೇನಹಳ್ಳಿಯ ಬೈರಣ್ಣನವರ ಮಗಳು ಹೇಮಶ್ರೀಯ ಮದುವೆ ಮೇ ತಿಂಗಳಲ್ಲಿತ್ತು. ಹಿಂದೆ ಕೆರೆಯ ಕೆಳಗೆ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ, ಮೂರರಲ್ಲಿ ಬಾಡಿಗೆಯವರಿದ್ದಾರೆ. ಬೆಳಿಗ್ಗೆ ಛತ್ರದಲ್ಲಿ ಮುಹೂರ್ತ ಮುಗಿಯಿತು. ಸಾಮಾನ್ಯವಾಗಿ ಆಗಲೇ, ಹಾಡಹಗಲಲ್ಲಿ, ವಧೂವರರನ್ನು ಹೊರಗೆ ಕರೆದುಕೊಂಡು ಹೋಗಿ ಪುರೋಹಿತರು ಆಕಾಶದತ್ತ ಬೆರಳು ತೋರಿಸುತ್ತಾರೆ. ಅರುಂಧತಿ ನಕ್ಷತ್ರ ಕಾಣಿಸಿತೇ ಎಂದು ಕೇಳುತ್ತಾರೆ. ಕಣ್ಣು ಕುಕ್ಕುವ ಬಿಸಿಲಲ್ಲಿ ಎಲ್ಲರೂ ಕಾಣಿಸಿತು ಎನ್ನುತ್ತಾರೆ. ನಾನೂ ನನ್ನ ಮದುವೆಯಲ್ಲಿ ಹತ್ತೂಕಾಲಿಗೆ ಕಾಣಿಸಿತು ಎಂದವಳೇ.

ಆದರೆ ಬೈರಣ್ಣನವರಿಗೆ ಆ ನಾಟಕ ಬೇಡವಾಗಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವ ಮುಂಚೆ ಸಂಜೆ ತಮ್ಮ ಮನೆಯ ತಾರಸಿಯ ಮೇಲೆ ನಿಜವಾದ ನಕ್ಷತ್ರವನ್ನೇ ತೋರಿಸಬೇಕು, ಅದಕ್ಕಾಗಿ ಇಡೀ ಕಟ್ಟಡದ ದೀಪ ಆರಿಸುತ್ತೇನೆ ಎಂದರು. ಫ್ಲ್ಯಾಶ್ ಕೂಡ ಹಾಕಬಾರದು ಎಂದು ನನಗೆ ಎರಡು ಸಲ ಹೇಳಿದರು. ನಾನು ಕತ್ತಲಲ್ಲಿ ಫೋಟೊ ತೆಗೆಯುವುದರಲ್ಲಿ ಹೆಸರು ಮಾಡಿದವಳು, ಚಿಂತೆ ಬೇಡ ಎಂದು ಜಂಬ ಕೊಚ್ಚಿಕೊಂಡೆ.

ಆ ಹೆಸರು ನನ್ನ ಹೊಸ ಕ್ಯಾಮೆರಾದ್ದು ಎಂದು ನನಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ನಾನು ಬಳಸುತ್ತಿದ್ದ ಆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಗಾಜಿನ ಬದಲು ಒಂದು ಪುಟ್ಟ ಪರದೆ ಇದೆ. ಹೊರಗೆ ಎಷ್ಟೇ ಮಬ್ಬಿದ್ದರೂ ಅದು ಬೆಳಕನ್ನು ಹೆಚ್ಚಿಸಿ ತೋರಿಸುತ್ತದೆ. ಹಿಂದಿನ ವಾರ ಒಂದು ರಿಸೆಪ್ಷನ್‌ನಲ್ಲಿ ಯಾರೋ ಪುಣ್ಯಾತ್ಮರು ಅದರ ಮೇಲೆ ದ್ರಾಕ್ಷಿ ಜ್ಯೂಸ್ ಚೆಲ್ಲಿದ್ದರು. ಅದು ಸರ್ವಿಸ್‌ಗೆ ಹೋಗಿತ್ತು. ಬೀರುವಿನಿಂದ ಹಳೆಯದನ್ನು ಹೊರಗೆ ತೆಗೆದೆ. ಅದರ ಕಿಂಡಿಯಲ್ಲಿರುವುದು ಬರೀ ಗಾಜು ಮತ್ತು ಕನ್ನಡಿ. ಕಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟನ್ನೇ ಅದು ತೋರಿಸುತ್ತದೆ.

ಏಳೂವರೆಗೆ ಎಲ್ಲರೂ ತಾರಸಿ ಹತ್ತಿದೆವು. ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಆಸೆಯಿಂದ ಕಂಬಗಳ ಕಬ್ಬಿಣದ ಸರಳುಗಳನ್ನು ಹಾಗೇ ಬಿಟ್ಟಿದ್ದರು. ಕೆರೆಯ ಕಡೆಗೆ ಮೋಟುಗೋಡೆಯನ್ನೂ ಕಟ್ಟಿರಲಿಲ್ಲ. ಹುಷಾರು ಎಂದು ಬೈರಣ್ಣ ಎಲ್ಲರಿಗೂ ಹೇಳಿ, ಕೆಳಗೆ ಕೂಗಿ ದೀಪ ಆರಿಸಿದರು.

ಕ್ಯಾಮೆರಾ ಕಣ್ಣಿಗಿಟ್ಟೆ. ಕಪ್ಪು.

ಲೆನ್ಸಿನ ಮುಚ್ಚಳ ತೆಗೆದಿಲ್ಲವೇನೋ ಎಂದು ಸವರಿ ನೋಡಿದೆ, ತೆಗೆದಿತ್ತು. ಒಳಗಿನ ಕನ್ನಡಿ ಸಿಕ್ಕಿಕೊಂಡಿರಬೇಕು ಎಂದು ಅದರ ಬೆನ್ನಿಗೆ ಎರಡೇಟು ಹಾಕಿದೆ. ಹಾಳಾದ್ದು ಇವತ್ತೇ ಕೈಕೊಡಬೇಕಿತ್ತೇ ಎಂದು ಶಪಿಸಿದೆ. ಅಷ್ಟರಲ್ಲಿ ಪುರೋಹಿತರ ದನಿ ಕೇಳಿತು. ಸಪ್ತರ್ಷಿಗಳಲ್ಲಿ ಬಾಲದ ತುದಿಯಿಂದ ಎರಡನೆಯವರು ವಸಿಷ್ಠರು, ಅವರ ಪಕ್ಕಕ್ಕೆ ಅಂಟಿಕೊಂಡ ಸಣ್ಣ ಚುಕ್ಕಿಯೇ ಅರುಂಧತಿ ಎನ್ನುತ್ತಿದ್ದರು. ಕಾಣಿಸಿತು, ಕಾಣಿಸಿತು ಎಂದು ನಾಲ್ಕಾರು ಜನ ಅಂದರು. ಎಲ್ಲರೂ ಎಂದಿನಂತೆ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ನಗು ಬಂತು. ಎಲ್ಲರೂ ಚೌಕಟ್ಟಿನೊಳಗೆ ಬರಲಿ ಎಂದು ಅಭ್ಯಾಸಬಲದಿಂದ ಹಿಂದಕ್ಕೆ ಹೆಜ್ಜೆ ಹಾಕಿದೆ. ಒಂದು, ಎರಡು, ಮೂರು.

ಯಾರೋ ನನ್ನ ರಟ್ಟೆಯನ್ನು ಹಿಡಿದು ಜಗ್ಗಿದರು. ದನಿಯಿಂದ ಗುರುತು ಸಿಕ್ಕಿತು, ಬೈರಣ್ಣನವರ ತಾಯಿ ಮುನಿಲಕ್ಷ್ಮಮ್ಮ, ಎಂಬತ್ತು ದಾಟಿದ ಮುದುಕಿ.

"ಇನ್ನೊಂದ್ ಹೆಜ್ಜೆ ಇಟ್ಟಿದ್ರೆ ಕೆಳಗಿರ್ತಿದ್ದೆ ಕಣವ್ವ. ಕಾಣಾಕಿಲ್ವಾ ನಿಂಗೆ?"

ಹಿಮ್ಮಡಿಯಿಂದ ತಡವಿದೆ. ನೆಲ ಅಲ್ಲಿಗೇ ಮುಗಿದಿತ್ತು. ಕ್ಯಾಮೆರಾವನ್ನು ಕಣ್ಣಿನಿಂದ ಕೆಳಗಿಳಿಸಿ ಸುತ್ತ ನೋಡಿದೆ. ಅಲ್ಲೂ ಕಪ್ಪು. ಮುದುಕಿಯ ಕೈ ನನ್ನ ತೋಳಿನ ಮೇಲಿತ್ತು, ಎಲೆ ಅಡಿಕೆಯ ವಾಸನೆ ಬರುತ್ತಿತ್ತು, ಆದರೆ ಮುದುಕಿ ಇರಲಿಲ್ಲ. ದೂರದ ಅಪಾರ್ಟ್‌ಮೆಂಟಿನ ಕಿಟಕಿಗಳು ಮಾತ್ರ ಅಲ್ಲಲ್ಲಿ ಹೊಳೆಯುತ್ತಿದ್ದವು.

ನಿಮಗೆ ನಕ್ಷತ್ರ ಕಾಣುತ್ತಿದೆಯೇ ಅಜ್ಜಿ ಎಂದು ಕೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು.

"ಏಳು ಕಾಣ್ತವಲ್ಲ. ಆ ಸಣ್ಣದೊಂದು ಕಾಣಾಕಿಲ್ಲ, ಪೊರೆ ತೆಗ್ಸಿರೋ ಕಣ್ಣು."

ನಾನು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ಒಂದೂ ಕಾಣಲಿಲ್ಲ. ಕೊನೆಯ ಬಾರಿ ನಕ್ಷತ್ರ ನೋಡಿದ್ದು ಯಾವಾಗ ಎಂದು ನೆನಪು ಮಾಡಿಕೊಂಡೆ. ಬೆಂಗಳೂರಿನಲ್ಲಿ ಎಲ್ಲಿ ನಕ್ಷತ್ರ ಕಾಣುತ್ತದೆ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಸ್ಕೂಟರು ಗುಂಡಿಗೆ ಇಳಿದಾಗಲೆಲ್ಲ ಬೀದಿದೀಪದವರನ್ನು ಬೈದಿದ್ದೇನೆ. ಬೈಯಲು ಯಾರಾದರೂ ಸಿಗುತ್ತಲೇ ಇದ್ದರು.

ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಹಳೆಯ ಕ್ಯಾಮೆರಾದ ಬೆನ್ನಿನಲ್ಲೂ ಒಂದು ಪರದೆ ಇದೆ. ತಡವಿ ಗುಂಡಿ ಒತ್ತಿ, ಬೆಳಕು ಹೆಚ್ಚಿಸಿದೆ. ಪರದೆಯಲ್ಲಿ ಎಲ್ಲರೂ ಒಮ್ಮೆಲೇ ಎದ್ದು ಬಂದರು. ಎರಡು ಮಾರು ದೂರದಲ್ಲಿ ಹೇಮಶ್ರೀ ಮುಖವೆತ್ತಿ ನಗುತ್ತಿದ್ದಳು, ಮದುಮಗ ಮೋಹಿತ್ ಅವಳ ಭುಜ ಹಿಡಿದಿದ್ದ, ಕ್ಯಾಮೆರಾ ಹೊರಳಿಸಿದರೆ ಮುನಿಲಕ್ಷ್ಮಮ್ಮ ನನ್ನ ಪಕ್ಕದಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದರು. ಪರದೆಯಿಂದ ಕಣ್ಣೆತ್ತಿದರೆ ಒಬ್ಬರೂ ಇಲ್ಲ. ತಗ್ಗಿಸಿದರೆ ಇಪ್ಪತ್ತು ಜನ. ನನಗೆ ಅಂಥ ಭಯ ಜೀವಮಾನದಲ್ಲಿ ಆಗಿರಲಿಲ್ಲ. ಪರದೆ ನೋಡಿಕೊಂಡೇ ಫೋಟೊ ತೆಗೆದೆ, ಅದನ್ನೇ ದೀಪದಂತೆ ಮುಂದೆ ಹಿಡಿದುಕೊಂಡು ಮೆಟ್ಟಿಲು ಹುಡುಕಿದೆ, ಗೋಡೆ ಸವರುತ್ತ ಕೆಳಗಿಳಿದೆ. ಸ್ಕೂಟರನ್ನು ಅಲ್ಲೇ ಬಿಟ್ಟು ಆಟೊ ಹತ್ತಿದೆ.

ಆಟೊದಲ್ಲಿ ಅಪ್ಪ ನೆನಪಾದರು. ಸೇತುರಾಮ, ವಿಮೆ ಕಚೇರಿಯ ಗುಮಾಸ್ತರು, ತೀರಿಕೊಂಡು ನಾಲ್ಕು ವರ್ಷವಾಯಿತು. ಶ್ರೀನಗರದ ನಮ್ಮ ಮನೆಯಲ್ಲಿ ಅವರದೊಂದು ಕಟ್ಟಳೆಯಿತ್ತು. ದೇವರ ಮುಂದೆ ದೀಪ ಹಚ್ಚಿದ ಮೇಲೆ ಅವರು ಹೊಸಿಲು ದಾಟುತ್ತಿರಲಿಲ್ಲ. ಮನೆಗೆ ಲಕ್ಷ್ಮಿ ಬರುವ ಹೊತ್ತು ಎನ್ನುತ್ತಿದ್ದರು. ಕರೆಂಟು ಹೋದರೆ ಕುರ್ಚಿಯ ತೋಳುಗಳನ್ನು ಹಿಡಿದು ಕೂತಲ್ಲೇ ಕೂತು, ದೀಪ ತನ್ನಿ ಎಂದು ಗದರುತ್ತಿದ್ದರು. ಎಂಥ ಶಿಸ್ತು, ಎಂಥ ಗತ್ತು ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಪಾಪ, ಅವರು ಹೆದರಿಕೊಂಡು ಕೂತಿರುತ್ತಿದ್ದರು.

ಈ ಇರುಳುಗುರುಡು ಅಪ್ಪನಿಂದ ನನಗೆ ಬಂದಿದೆ ಎನ್ನುವಷ್ಟರಲ್ಲಿ ಇನ್ನೊಂದು ಯೋಚನೆ ಹೊಳೆಯಿತು. ನನ್ನ ಕಣ್ಣು ಹೋದರೆ ಹೋಗಲಿ ಎನ್ನಿಸಿತು, ನಿಜವಾಗಿಯೂ ಹಾಗೇ ಅನ್ನಿಸಿತು. ಮನೆಯಲ್ಲಿ ಧೃತಿ ಇದ್ದಳು.

ಧೃತಿ ನನ್ನ ಮಗಳು, ಹನ್ನೊಂದು ವರ್ಷ. ನಾನು ಅವಳನ್ನು ಪುಕ್ಕಲಿ ಎಂದೇ ಕರೆಯುವುದು. ಸಿನಿಮಾ ಮಂದಿರದಲ್ಲಿ ನನ್ನ ದುಪಟ್ಟಾ ಹಿಡಿದೇ ನಡೆಯುತ್ತಾಳೆ. ಸಂಜೆಯಾದ ಮೇಲೆ ತಾರಸಿಗೆ ಹೋಗು ಎಂದರೆ ಅಳುತ್ತಾಳೆ. ಹಿಂದಿನ ವಾರವಷ್ಟೇ ಹಟ ಹಿಡಿದು ಅವಳನ್ನು ಒಣಗಿದ ಬಟ್ಟೆ ತರಲು ಮೇಲಕ್ಕೆ ಕಳಿಸಿದ್ದೆ. ಮಂಡಿ ತರಚಿಕೊಂಡು ಅರ್ಧ ಬಟ್ಟೆ ತಂದಿದ್ದಳು. ಉಳಿದರ್ಧ ಯಾಕೆ ಬಿಟ್ಟು ಬಂದೆ ಎಂದು ಬೈದಿದ್ದೆ.

ಮನೆ ತಲುಪಿದಾಗ ಎಂಟೂವರೆ. ನನ್ನ ಗಂಡ ಮಯೂರ್ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಬಾ, ಬಟ್ಟೆ ತರೋಣ ಎಂದು ಧೃತಿಯನ್ನು ಕರೆದೆ. ನಾನೂ ಬರುತ್ತೇನೆಂದು ಗೊತ್ತಾಗಿ ಹೊರಟಳು. ಕ್ಯಾಮೆರಾ ನನ್ನ ಕೊರಳಲ್ಲೇ ಇತ್ತು. ಮೇಲೆ ಹೋಗಿ ಅವಳನ್ನು ತಾರಸಿಯ ನಡುವೆ, ಬಟ್ಟೆ ಹಗ್ಗದ ಹತ್ತಿರ ನಿಲ್ಲಿಸಿ, ಮೆಟ್ಟಿಲಿನ ದೀಪ ಆರಿಸಿದೆ. ನಮ್ಮ ಬೀದಿಯ ದೀಪವನ್ನು ಹೊಂಗೆ ಮರ ಮುಚ್ಚಿಕೊಂಡಿದೆ. ಅವಳು ಕತ್ತಲಲ್ಲಿ ಮರೆಯಾದಳು.

ಇನ್ನು ಅವಳನ್ನು ನೋಡಲು ನನಗೆ ಪರದೆ ಬೇಕಿತ್ತು. ಆದರೆ ಪರದೆಯ ಬೆಳಕು ನನ್ನ ಮುಖದ ಮೇಲೆ ಬಿದ್ದರೆ ಅವಳಿಗೆ ನಾನು ಕಾಣುತ್ತೇನೆ, ಪರೀಕ್ಷೆ ಕೆಡುತ್ತದೆ. ಬಿಸಿಲಲ್ಲಿ ಪರದೆ ಕಾಣಿಸಲಿ ಎಂದು ನಾವು ಫೋಟೊದವರು ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಳ್ಳುವುದುಂಟು. ನಾನು ಹಾಗೆ ಮಾಡಿದಾಗಲೆಲ್ಲ ಧೃತಿ ಭೂತ, ಭೂತ ಎಂದು ಬಿದ್ದು ಬಿದ್ದು ನಗುತ್ತಾಳೆ. ದೀಪವಿದ್ದಾಗಲೇ ನೋಡಿಟ್ಟಿದ್ದ ಬಿಳಿಯ ಹೊದಿಕೆಯೊಂದನ್ನು ತಡವಿ ಹಗ್ಗದಿಂದ ಎಳೆದುಕೊಂಡೆ. ಎರಡು ಮಡಿಕೆ ಮಾಡಿ, ಲೆನ್ಸು ಮಾತ್ರ ಹೊರಗಿಟ್ಟು, ತಲೆಯಿಂದ ಸೊಂಟದವರೆಗೆ ಹೊದ್ದುಕೊಂಡೆ. ದೇವರೇ, ಇವಳಿಗೆ ಕಾಣಿಸಲಿ, ಇವಳು ನಗಲಿ ಎಂದು ಬೇಡಿಕೊಂಡೆ.

ಪರದೆಯಲ್ಲಿ ಮಗಳ ಮುಖ ಬಂತು. ನಾಲ್ಕೇ ಹೆಜ್ಜೆ ದೂರ. ನಗುತ್ತಿರಲಿಲ್ಲ. ಕಣ್ಣು ಅಗಲವಾಗಿ ತೆರೆದು ನನ್ನ ಎಡಕ್ಕೆ, ನೀರಿನ ಟ್ಯಾಂಕಿನ ಕಡೆ ನೋಡುತ್ತಿದ್ದಳು. ಎರಡೂ ಕೈಯಿಂದ ಫ್ರಾಕಿನ ಅಂಚನ್ನು ಹಿಂಡುತ್ತಿದ್ದಳು.

"ಧೃತಿ, ನಕ್ಷತ್ರ ಕಾಣ್ಸ್ತಿದ್ಯಾ?"

"ಹೂಂ ಅಮ್ಮ. ತುಂಬಾ ಇದೆ."

ಅವಳು ತಲೆಯೆತ್ತಿಯೇ ಇರಲಿಲ್ಲ.

"ನಾನು ಕಾಣ್ತಿದೀನಾ?"

"ಹೂಂ."

"ನನ್ನ ಕೈಯಲ್ಲಿ ಎಷ್ಟು ಬೆರಳು ತೋರಿಸ್ತಿದೀನಿ, ಹೇಳು."

ನನಗೆ ಇಷ್ಟವಾಗಲಿ ಎಂದು ಟ್ಯಾಂಕಿನ ಕಡೆಗೆ ಒಂದು ನಗು ನಕ್ಕಳು.

"ಮೂರು."

ನನ್ನ ಎರಡೂ ಕೈಗಳು ಹೊದಿಕೆಯ ಒಳಗೆ ಕ್ಯಾಮೆರಾ ಹಿಡಿದಿದ್ದವು. ಕಾಣಿಸದಿದ್ದರೆ ಕಾಣಿಸುತ್ತೆ ಅಂತ ಯಾಕೆ ಹೇಳಿದೆ ಪುಟ್ಟಾ ಎಂದು ಕೇಳಿದೆ. ಅವಳ ಮುಖದ ನಗು ಆರಿತು.

"ಇಲ್ಲ ಅಂದ್ರೆ ನೀನು ಬೈತೀಯಲ್ಲಮ್ಮ."

ಹೊದಿಕೆಯನ್ನು ಕಿತ್ತೆಸೆದೆ. ಪರದೆಯ ಬೆಳಕು ಕಣ್ಣಿಗೆ ಹೊಡೆದಿದ್ದರಿಂದ ಮೊದಲಿಗಿಂತಲೂ ದಟ್ಟ ಕತ್ತಲು. ಕೈ ಚಾಚಿದೆ, ಸಿಗಲಿಲ್ಲ. ಮೆಟ್ಟಿಲಿನ ದೀಪದ ಸ್ವಿಚ್ ಯಾವ ಕಡೆಗಿತ್ತೆಂಬುದೂ ಮರೆತುಹೋಗಿತ್ತು. ಅವಳು ಅಳಲು ಶುರುಮಾಡಿದ್ದಳು, ಅಮ್ಮಾ ಎಲ್ಲಿದೀಯ ಎನ್ನುತ್ತಿದ್ದಳು.

"ಅಲ್ಲೇ ನಿಂತಿರು ಚಿನ್ನ, ಕದಲಬೇಡ," ಎಂದೆ. "ಮಾತಾಡ್ತಾ ಇರು. ನಿನ್ನ ದನಿ ಹಿಡ್ಕೊಂಡು ಬರ್ತೀನಿ."