ಎದುರು ಮಾತು

ನನಗೆ ಸಿಟ್ಟು ಜಾಸ್ತಿ ಎಂದು ಬಿ.ಜಿ. ಕೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ವಿಮಾನ ಹಾರಿಸುವಾಗ ನುಂಗಿಕೊಂಡಿದ್ದೆಲ್ಲ ಈಗ ಹೊರಗೆ ಬರುತ್ತಿದೆ ಎನ್ನುವುದು ನನ್ನ ಹೆಂಡತಿ ಚಿನ್ನಕ್ಕನ ಲೆಕ್ಕಾಚಾರ. ಅವಳಿಗೇನು ಗೊತ್ತು? ನಾನು ನುಂಗಿಕೊಂಡಿದ್ದೇ ಇಲ್ಲ. ಪೈಲಟ್‌ಗಳ ಯೂನಿಯನ್ನಿನಲ್ಲಿ ತರಬೇತಿಯ ವಿಷಯ ಬಂದರೆ ಕಂಪನಿಯವರ ಮುಂದೆ ಮೇಜು ಗುದ್ದುತ್ತಿದ್ದವನೇ ಈ ತಿಪ್ಪೇರುದ್ರ. ನಿವೃತ್ತನಾದ ಮೇಲೂ ಯೂನಿಯನ್ನಿನವರು ಸಲಹೆಗಾರ ಅಂತ ಇಟ್ಟುಕೊಂಡಿದ್ದಾರೆ.

ನನ್ನ ಚಿಕ್ಕಮ್ಮನ ಮಗ ಮಾರುತಿ ಪರಶುರಾಂಪುರದಿಂದ ಮಗಳನ್ನು ಕರೆದುಕೊಂಡು ಬಂದದ್ದು ಆ ಕಾರಣಕ್ಕೇ. ತೇಜಶ್ರೀ, ನಮ್ಮ ಕಡೆಯ ಕುರಿ ಸಾಕುವ ಮನೆತನದಿಂದ ಪೈಲಟ್ ಆಗಹೊರಟ ಮೊದಲ ಹುಡುಗಿ. ಸರ್ಕಾರದ ನೆರವಿನಲ್ಲಿ ಓದಿ, ಲೈಸೆನ್ಸ್ ತೆಗೆದುಕೊಂಡು, ವಿಮಾನ ಕಂಪನಿಯೊಂದರಲ್ಲಿ ತರಬೇತಿಗೆ ಸೇರಿದ್ದಳು. ಈಗ ಪರೀಕ್ಷೆಯಲ್ಲಿ ಫೇಲ್. ಕೆಲಸದಿಂದ ತೆಗೆಯುವ ಮೊದಲು ಒಂದು ವಿಚಾರಣೆ, ಅದರಲ್ಲಿ ಯೂನಿಯನ್ನಿನ ಕಡೆಯವರೊಬ್ಬರು ಅವಳ ಜೊತೆ ಕೂರಬಹುದು. ಆ ನಿಯಮ ತರಿಸಲು ನಾವು ಪಟ್ಟ ಪಾಡು ನಮಗೇ ಗೊತ್ತು.

"ಏನಾಯ್ತಮ್ಮ, ಸರಿಯಾಗಿ ಹೇಳು" ಎಂದೆ.

"ಸಿಮ್ಯುಲೇಟರ್‌ನಲ್ಲಿ, ದೊಡ್ಡಪ್ಪ. ಕ್ಯಾಪ್ಟನ್ ಇಳಿಸ್ತಾ ಇದ್ರು. ವೇಗ ಜಾಸ್ತಿ ಇತ್ತು. ಹೇಳ್ದೆ. ಅವ್ರು ಕೇಳ್ಲಿಲ್ಲ."

"ಏನಂತ ಹೇಳ್ದೆ?"

ಅವಳು ತಲೆ ತಗ್ಗಿಸಿದಳು. "ಸಾರ್, ಸ್ಪೀಡು ಒಂಚೂರು ಜಾಸ್ತಿ ಐತೇನೋ, ನೋಡ್ತೀರಾ ಅಂದೆ."

ನನಗೆ ಅರ್ಥವಾಗಿಹೋಯಿತು. ಸಿಮ್ಯುಲೇಟರ್ ಎಂದರೆ ನೆಲ ಬಿಟ್ಟು ಏಳದ ಅಣಕು ವಿಮಾನ. ಅದರಲ್ಲಿ ಕ್ಯಾಪ್ಟನ್ ಸೀಟಿನಲ್ಲಿ ಕೂತ ಪರೀಕ್ಷಕ ಬೇಕಂತಲೇ ತಪ್ಪು ಮಾಡುತ್ತಾನೆ, ಪಕ್ಕದವರು ತಡೆಯುತ್ತಾರೋ ಇಲ್ಲವೋ ನೋಡಲಿಕ್ಕೆ. ಆಗ ಹೇಳಬೇಕಾದ್ದು ಎರಡೇ ಪದ, 'ಗೋ ಅರೌಂಡ್'. ಇಳಿಯುವುದು ಬಿಟ್ಟು ಮತ್ತೆ ಮೇಲೇರಿಸು ಎಂದರ್ಥ. ಹೇಳಿದವರು ಕಿರಿಯರಾದರೂ ಕೇಳಲೇಬೇಕು. ಇವಳು ಹೇಳಲಿಲ್ಲ. ಅಣಕು ವಿಮಾನ ಅಣಕು ರನ್‌ವೇ ದಾಟಿ ಹೊಲಕ್ಕೆ ನುಗ್ಗಿತು.

"ಹಿರಿಯರಿಗೆ ಎದುರು ಮಾತಾಡ್ದಂಗೆ ಬೆಳೆಸೀವಣ್ಣ. ಅದೇ ತಪ್ಪಾಯ್ತಾ?" ಎಂದ ಮಾರುತಿ. ಅವನ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ನನಗೆ ಮೈ ಉರಿಯಿತು. ಆದರೇನು, ನಮ್ಮಪ್ಪನೂ ನನ್ನನ್ನು ಹಾಗೆಯೇ ಬೆಳೆಸಿದ್ದು.

ವಿಚಾರಣೆಗೆ ಇನ್ನೂ ಕೆಲವು ದಿನ ಇತ್ತು. ಹುಡುಗಿಯನ್ನು ಮನೆಯಲ್ಲೇ ಉಳಿಸಿಕೊಂಡೆ. ಅಂಗಳದ ಬೇವಿನ ಮರದಡಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ನಾನು ಎಡಕ್ಕೆ, ಅವಳು ಬಲಕ್ಕೆ. ನಾನು ಬಾಯಲ್ಲೇ ವಿಮಾನ ಇಳಿಸುತ್ತಾ ತಪ್ಪು ಮಾಡುತ್ತಿದ್ದೆ.

"ದೊಡ್ಡಪ್ಪ, ಸ್ವಲ್ಪ ಎತ್ರ ಆಯ್ತೇನೋ. ಒಂದ್ಸಲ ನೋಡ್ರಿ."

"ನೋಡ್ರಿ ಅಂತೀಯಲ್ಲ, ನಾನೇನು ಮೊಳಕಾಲ್ಮೂರಿನಾಗೆ ಸೀರೆ ಆರಿಸ್ತಾ ಕೂತಿದೀನಾ? ಗದರ್ಸು ನನ್ನ!"

"ಗದರ್ಸಕ್ಕೆ ಆಗಲ್ಲ ದೊಡ್ಡಪ್ಪ."

"ಹಿಂದೆ ನೂರೆಂಬತ್ತು ಜನ ಕೂತವ್ರೆ! ಅವ್ರಿಗೂ ಅವ್ವ ಅಪ್ಪ ಇಲ್ವಾ?"

ಅವಳ ಕಣ್ಣಲ್ಲಿ ನೀರು. ಒಳಗಿಂದ ಚಿನ್ನಕ್ಕ ಬಂದಳು. ರಾಯದುರ್ಗದ ಕಡೆಯವಳು, ಸಿಟ್ಟು ಬಂದರೆ ತೆಲುಗೇ ಬರುವುದು. "ಏಮಯ್ಯಾ, ಪಿಲ್ಲನಿ ಏಡಿಪಿಸ್ತಾವಾ?" ಎಂದು, ಹುಡುಗಿಯನ್ನು ಅಳಿಸುತ್ತೀಯಾ ಎಂದು, ನನ್ನ ಮೇಲೇ ಏರಿ ಬಂದಳು. "ನೋಡು, ಹಿಂಗೆ ಗದರ್ಸಬೇಕು! ನಿನ್ನ ದೊಡ್ಡಮ್ಮ ಒಳ್ಳೇ ಪೈಲಟ್ ಆಗ್ತಿದ್ಳು" ಎಂದೆ. ತೇಜಶ್ರೀ ಅಳುತ್ತಲೇ ನಕ್ಕಳು. ಗದರಿಸುವುದು ಮಾತ್ರ ಕೊನೆಗೂ ಬರಲಿಲ್ಲ.

ನಾನು ಕಾಗದಪತ್ರ ಓದಿದೆ. ವಾದ ಮಾಡಲು ಎರಡು ದಾರಿಗಳಿದ್ದವು. ಕ್ಯಾಪ್ಟನ್‌ನನ್ನು ತಡೆಯುವುದು ಹೇಗೆಂದು ಸಿಮ್ಯುಲೇಟರ್‌ನಲ್ಲೇ ಕೂರಿಸಿ ಕಲಿಸುವ ಪಾಠವನ್ನು ಕಂಪನಿ ಕೈಬಿಟ್ಟು, ಬದಲಿಗೆ ಒಂದು ವಿಡಿಯೋ ತೋರಿಸಿ ಮುಗಿಸಿತ್ತು. ಅದನ್ನು ಹಿಡಿದರೆ ಜಗಳ ಎಳೆದಾಡುತ್ತದೆ. ಇನ್ನೊಂದು ಸುಲಭದ್ದು. ಪರೀಕ್ಷೆಗೆ ಮುಂಚೆ ಅಭ್ಯರ್ಥಿಗೆ ಕೊಡಬೇಕಾದ ವಿವರಣೆಯನ್ನು ಪರೀಕ್ಷಕ ಅವಸರದಲ್ಲಿ ಬಿಟ್ಟಿದ್ದ. ಅಷ್ಟು ಸಾಕು, ಪರೀಕ್ಷೆಯನ್ನೇ ಕೆಡವಬಹುದು. ನಾನು ಸುಲಭದ್ದನ್ನೇ ಆರಿಸಿಕೊಂಡೆ. ಹುಡುಗಿಯ ಕೆಲಸ ಮೊದಲು ಉಳಿಯಲಿ, ಉಳಿದದ್ದು ಆಮೇಲೆ.

ವಿಚಾರಣೆ ನಡೆದದ್ದು ವಿಡಿಯೋದಲ್ಲಿ. ಚಳ್ಳಕೆರೆಯಿಂದ ತರಿಸಿದ ಹೊಸ ಮೈಕನ್ನು ನಮ್ಮ ಹಜಾರದ ಮೇಜಿನ ಮೇಲಿಟ್ಟು ಇಬ್ಬರೂ ಕೂತೆವು. ಬಾಗಿಲ ಹತ್ತಿರ ಮಾರುತಿ ಕೈಕಟ್ಟಿ ನಿಂತಿದ್ದ. ಪರದೆಯಲ್ಲಿ ಕಂಪನಿಯ ತರಬೇತಿ ಮುಖ್ಯಸ್ಥೆ ಕ್ಯಾಪ್ಟನ್ ಸ್ವಪ್ನ, ಜೊತೆಗೆ ಇನ್ನಿಬ್ಬರು. ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ಹಳೆಯ ಗತ್ತಿನಲ್ಲೇ ಶುರು ಮಾಡಿದೆ. ವಿವರಣೆ ಕೊಟ್ಟಿಲ್ಲ, ಪರೀಕ್ಷೆ ನ್ಯಾಯವಾಗಿ ನಡೆದಿಲ್ಲ, ಈ ಫಲಿತಾಂಶವನ್ನು ಯೂನಿಯನ್ ಒಪ್ಪುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಕೊನೆಗೆ ಸ್ವಪ್ನ ಹೇಳಿದಳು, "ಬೇರೆಲ್ಲದರಲ್ಲೂ ಚೆನ್ನಾಗಿ ಮಾಡಿದ್ದಾಳೆ. ಆ ಒಂದು ಭಾಗ ಬಿಟ್ಟು ಪಾಸ್ ಮಾಡೋಣ. ಮುಂದಿನ ವಾರದಿಂದ ವಿಮಾನ ಹತ್ತಲಿ."

ಗೆದ್ದೆ! ಮಾರುತಿ ಬಾಗಿಲಿಂದಲೇ ಕೈ ಮುಗಿದ.

"ಬೇಡ" ಎಂದಳು ತೇಜಶ್ರೀ. ಕನ್ನಡದಲ್ಲಿ.

ನಾನು ಮೇಜಿನಡಿ ಅವಳ ಕಾಲು ಒತ್ತಿದೆ. ಅವಳು ನನ್ನ ಕಡೆಗೇ ತಿರುಗಿದಳು. "ನೀವು ಹೇಳ್ತಿರೋದು ತಪ್ಪು ದೊಡ್ಡಪ್ಪ. ವಿವರಣೆ ಕೊಟ್ಟಿದ್ರೂ ನನಗೆ ಬಾಯಿ ಬರ್ತಿರಲಿಲ್ಲ. ನಿಮ್ಮ ಮುಂದೇನೂ ಬರ್ಲಿಲ್ಲ, ನಿಮಗೇ ಗೊತ್ತಲ್ಲ?"

ನಾನು ಮೈಕನ್ನು ಅಂಗೈಯಿಂದ ಮುಚ್ಚಿದೆ. "ಹುಚ್ಚು ಹಿಡಿದೈತಾ ನಿನಗೆ? ಸುಮ್ನಿರು!"

ಅವಳು ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. "ಕ್ಯಾಪ್ಟನ್‌ನ ತಡೆಯೋ ಪಾಠ ನನಗೆ ಕಲಿಸಿಲ್ಲ ಮೇಡಂ. ಕಲಿಸಿ. ಆಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿ. ಕಲೀದೆ ನಾನು ಜನರನ್ನ ಕೂರಿಸ್ಕೊಂಡು ಹೋಗಲ್ಲ."

ಸ್ವಪ್ನಳಿಗೆ ಕನ್ನಡ ಬರುತ್ತಿತ್ತು. ಕನ್ನಡದಲ್ಲೇ ಕೇಳಿದಳು, "ಹಾಗಾದರೆ ಫೇಲ್ ಎಂದೇ ಉಳಿಯುತ್ತದೆ. ಮತ್ತೆ ಫೇಲಾದರೆ ಕೆಲಸ ಹೋಗುತ್ತದೆ. ಆಗ ಯೂನಿಯನ್ ಕೂಡ ಏನೂ ಮಾಡಲಾಗದು. ಗೊತ್ತಾ?"

"ಗೊತ್ತು."

"ಕ್ಯಾಪ್ಟನ್ ತಿಪ್ಪೇರುದ್ರ, ನೀವೇನಂತೀರಿ?"

ಸುಳ್ಳೇಕೆ ಹೇಳಲಿ, ಸಿಟ್ಟು ನೆತ್ತಿಗೇರಿತ್ತು. ಗೆದ್ದ ವಾದವನ್ನು ನನ್ನ ಮನೆಯಲ್ಲೇ, ನನ್ನ ಮುಂದೆಯೇ ಮಣ್ಣುಪಾಲು ಮಾಡಿದ್ದಳು. ಕಿರಿಯರ ಬಾಯಿ ಬಿಡಿಸಿ, ಅದಕ್ಕೇ ತರಬೇತಿ ಕೊಡಿ ಎಂದು ಕಂಪನಿಗಳ ಜೊತೆ ಇಡೀ ಜೀವಮಾನ ಕಾದಾಡಿದವನು ನಾನು. ಬಾಯಿ ಬಿಟ್ಟಾಗ ಅದು ನನ್ನ ಮೇಲೇ ಬೀಳಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಎಷ್ಟು ಉರಿಯುತ್ತದೆ ಅದು!

"ಅವಳು ಹೇಳಿದ್ದೇ ಯೂನಿಯನ್ನಿನ ಮಾತು" ಎಂದೆ. "ನನ್ನದನ್ನು ಹೊಡೆದುಹಾಕಿ. ಅವಳೊಬ್ಬಳಿಗೇ ಅಲ್ಲ, ಅವಳ ಜೊತೆ ಸೇರಿದ ಎಲ್ಲರಿಗೂ ಆ ಪಾಠ ಬೇಕು. ಕೊಡದಿದ್ದರೆ ನಾನೇ ಬೆಂಗಳೂರಿಗೆ ಬಂದು ನಿಮ್ಮ ಮೇಜು ಗುದ್ದುತ್ತೇನೆ."

ಸ್ವಪ್ನ ನಕ್ಕಳೋ ಇಲ್ಲವೋ ಕಾಣಲಿಲ್ಲ. ಬರೆದುಕೊಂಡಳು. ಎಲ್ಲರಿಗೂ ಪಾಠ, ಆಮೇಲೆ ತೇಜಶ್ರೀಗೆ ಕೊನೆಯ ಪರೀಕ್ಷೆ ಎಂದು ತೀರ್ಮಾನವಾಯಿತು.

ಪರದೆ ಆರಿದ್ದೇ ತಡ ಮಾರುತಿ ಒಳಗೆ ನುಗ್ಗಿದ. "ಕೈಗೆ ಬಂದಿದ್ದನ್ನ ಒದ್ದೆಯಲ್ಲೇ! ದೊಡ್ಡಪ್ಪನ ಕೈ ತಳ್ತೀಯಾ? ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು!"

ತೇಜಶ್ರೀ ಬಿಳಿಚಿಕೊಂಡಿದ್ದಳು. "ತಪ್ಪು ಮಾಡಿಲ್ಲ, ಅಪ್ಪ" ಎಂದಳು ಮೆಲ್ಲಗೆ.

ಮಾರುತಿ ನನ್ನ ಮುಖ ನೋಡಿದ, ನಾನಾದರೂ ಬೈಯಲಿ ಎಂದು.

"ಲೇ ಮಾರುತಿ, ಪರೀಕ್ಷೇಲಿ ಏನಾಗುತ್ತೋ ಗೊತ್ತಿಲ್ಲ. ಆದ್ರೆ ನನ್ನ ಪಕ್ಕ ಕೂತು ನನ್ನ ಕೈ ಸರಿಸೋಳು ಒಬ್ಬಳಿದ್ರೆ, ನಾನು ನನ್ನ ಮೊಮ್ಮಕ್ಕಳನ್ನ ಹಿಂದಿನ ಸೀಟಿನಾಗೆ ಕೂರಿಸ್ತೀನಿ ಕಣೋ" ಎಂದೆ.