ಸಮುದ್ರವಿಲ್ಲದ ನಕ್ಷೆ

ಮಗಳು ಇಂಟರ್ನೆಟ್ಟಿನ ನಕ್ಷೆ ಬರೆದಿದ್ದಳು. ಒಂದೊಂದು ಚುಕ್ಕಿಯೂ ಒಂದೊಂದು ಜಾಲ, ಗೆರೆಗಳೆಲ್ಲ ಅವುಗಳ ನಡುವಿನ ಸಂಪರ್ಕ. ಹಡಗಿನಲ್ಲಿ ಹೋಗಿ ಸಮುದ್ರದಡಿಯ ಕೇಬಲ್ ಬೆಸೆಯುತ್ತಿದ್ದ ಅಪ್ಪ, ಪ್ರದರ್ಶನದ ದಿನ ಗೋಡೆ ತುಂಬಿದ ಆ ನಕ್ಷೆಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತ.

"ಸಮುದ್ರನೇ ಇಲ್ವಲ್ಲೇ! ಹಾಗಾದ್ರೆ ನಾನು ಇಷ್ಟು ವರ್ಷ ಎಲ್ಲಿ ದುಡಿದೆ?"

ಮಗಳು ಬಿದ್ದು ಬಿದ್ದು ನಕ್ಕಳು. "ಯಾವ ಊರು ಎಲ್ಲಿದೆ ಅಂತಲ್ಲಪ್ಪಾ, ಯಾರು ಯಾರಿಗೆ ಅಂಟಿಕೊಂಡಿದ್ದಾರೆ ಅಂತ ತೋರ್ಸೋ ನಕ್ಷೆ ಇದು." ಅವನ ಬೆರಳು ಹಿಡಿದು ಒಂದು ದಪ್ಪ ಗೆರೆಯ ಮೇಲಿಟ್ಟಳು. "ಹೋದ ವರ್ಷ ನೀನು ಬೆಸೆದ ಕೇಬಲ್ಲು ಇದೇ."

ಅಪ್ಪನ ಮುಖ ಮೊರದಗಲವಾಯಿತು. ಆಮೇಲೆ ಬಂದವರನ್ನೆಲ್ಲ ಕೈಹಿಡಿದು ಎಳೆತಂದು, "ಇದು ನಂದು, ನೋಡಿ" ಎನ್ನತೊಡಗಿದ. ನಕ್ಷೆ ಬರೆದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಮಗಳು ನಗುತ್ತಲೇ ಅವನಿಗೊಂದು ಕುರ್ಚಿ ತಂದು ಹಾಕಿದಳು.