ಕ್ಯಾರಿಯರಿನ ಮೇಲೆ ಬಂದ ಕರಿಮಣಿ

"ಪದ್ಮಯ್ಯ, ಕರಿಮಣಿ ನಿನ್ನ ಹತ್ರ ಉಂಟಲ್ಲ?"

"ನನ್ನ ಹತ್ರ ಎಂತಕ್ಕೆ? ನೀನೇ ತರ್ತೇನೆ ಅಂದದ್ದಲ್ವಾ ಅಣ್ಣ?"

ಒಳಗಿನ ಕೋಣೆಯಲ್ಲಿ ಮದುಮಗಳ ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದ ಶೀಲಾವತಿಯ ಕೈ ಅಲ್ಲೇ ನಿಂತಿತು. ಗೋಡೆಯಾಚೆ ಅವಳ ಅಣ್ಣಂದಿರಿಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಯಿತು. ದೊಡ್ಡಣ್ಣ ಗುರುವಪ್ಪ ಸಣ್ಣಣ್ಣನನ್ನು ನಂಬಿದ್ದ, ಸಣ್ಣಣ್ಣ ದೊಡ್ಡಣ್ಣನನ್ನು ನಂಬಿದ್ದ, ಕರಿಮಣಿ ಮಾತ್ರ ಬೆಳ್ಳಾರೆಯ ಅಕ್ಕಸಾಲಿ ಸರ್ವೋತ್ತಮ ಆಚಾರಿಯ ಅಂಗಡಿಯಲ್ಲೇ ಹಾಯಾಗಿ ಕುಳಿತಿರಬೇಕು.

ಅದು ಸಾಮಾನ್ಯ ಕರಿಮಣಿಯಲ್ಲ. ತೀರಿಹೋದ ಅವ್ವನ ಕೊರಳಲ್ಲಿದ್ದ ಚಿನ್ನದ ಗುಂಡುಗಳನ್ನು ಹೊಸ ಮಣಿಯ ಜೊತೆ ಪೋಣಿಸಿ ಮೊಮ್ಮಗಳು ಕಮಲಾವತಿಗೆ ಕಟ್ಟಿಸಬೇಕೆಂದು ಅವ್ವನೇ ಹೇಳಿ ಹೋಗಿದ್ದಳು. ಈಗ ಗಂಟೆ ಒಂಬತ್ತೂವರೆ. ಮುಹೂರ್ತ ಹನ್ನೊಂದೂ ಕಾಲರ ಒಳಗೆ, ಅದು ದಾಟಿದರೆ ಈ ದಿನ ಬೇರೆ ಒಳ್ಳೆಯ ಗಳಿಗೆಯೇ ಇಲ್ಲ ಎಂದು ಭಟ್ಟರು ಮೊದಲೇ ಹೇಳಿದ್ದರು. ಮದುಮಗನ ದಿಬ್ಬಣ ಬಂದು ಚಪ್ಪರದಲ್ಲಿ ಬೆಲ್ಲ ನೀರು ಕುಡಿಯುತ್ತಿತ್ತು. ಅವರನ್ನು ಇಳಿಸಿದ ಬಸ್ಸು ಸುಳ್ಯದ ಕಡೆಗೆ ಹೋಗಿಯಾಗಿತ್ತು. ಐವರ್ನಾಡಿನಿಂದ ಬೆಳ್ಳಾರೆಗೆ ನಾಲ್ಕೂವರೆ ಮೈಲಿ. ಎಷ್ಟು ಓಡಿದರೂ ಕಾಲ್ನಡಿಗೆಯವನು ಹೋಗಿ ಬರುವಾಗ ಊಟದ ಎಲೆ ತೆಗೆದಾಗಿರುತ್ತಿತ್ತು.

ಶೀಲಾವತಿ ಹೊರಗೆ ಬಂದಳು. "ಅಣ್ಣ, ಹಟ್ಟಿಯ ಬೀಗದ ಕೈ ಕೊಡಿ."

ಗುರುವಪ್ಪನ ಮುಖ ಸಣ್ಣದಾಯಿತು. ಹಟ್ಟಿಯ ಅಟ್ಟದಲ್ಲಿ, ಬೈಹುಲ್ಲಿನ ಅಡಿಯಲ್ಲಿ, ಅವಳ ಸೈಕಲ್ ಇತ್ತು. ಮೂರು ದಿನದ ಹಿಂದೆ, ಅವಳು ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ, ಒಂದು ಮಾತೂ ಕೇಳದೆ ಅವನೇ ಹೊತ್ತು ಹಾಕಿದ್ದ. ನಿಶ್ಚಿತಾರ್ಥದ ದಿನ ಮದುಮಗನ ದೊಡ್ಡಪ್ಪ ತೀರ್ಥರಾಮ ಎಲೆಯಡಿಕೆ ಜಗಿಯುತ್ತಾ ಹೇಳಿದ್ದು ಇಷ್ಟು: "ಹುಡುಗಿ ಒಳ್ಳೆದುಂಟು. ಅವಳ ಅತ್ತೆ ಆ ಸೈಕಲ್ ಬಿಡುದೊಂದು ನಮ್ಮ ಕಡೆಯವರಿಗೆ ಸರಿ ಕಾಣುದಿಲ್ಲ. ಮದುವೆ ದಿನ ಆದ್ರೂ ಅದು ಕಣ್ಣಿಗೆ ಬೀಳದೆ ಇರ್ಲಿ ಮಾರಾಯ್ರೆ."

ಮಂಗಳೂರಿನಲ್ಲಿ ಟೀಚರ್ ತರಬೇತಿಯಲ್ಲಿದ್ದಾಗ ಸೈಕಲ್ ಕಲಿತು ಬಂದವಳು ಶೀಲಾವತಿ. ಈಗ ಮೂವತ್ತಮೂರು. ಹನ್ನೆರಡು ವರ್ಷದಿಂದ ದಿನವೂ ಶಾಲೆಗೆ ಅದರಲ್ಲೇ ಹೋಗಿಬರುತ್ತಿದ್ದಳು. ಮೂರು ಸಂಬಂಧಗಳು ಆ ಎರಡು ಚಕ್ರದ ಅಡಿಗೆ ಬಿದ್ದು ಅಪ್ಪಚ್ಚಿಯಾಗಿದ್ದವು ಎಂದು ಊರು ನಗುತ್ತಿತ್ತು. ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಅಣ್ಣ ಸೈಕಲ್ ಅಡಗಿಸಿದ್ದು ಮಾತ್ರ ಎದೆಗೆ ನಾಟಿತ್ತು. ಆದರೂ ಮದುವೆ ಮನೆಯೆಂದು ಬಾಯಿ ಮುಚ್ಚಿಕೊಂಡಿದ್ದಳು.

"ಅವರೆಲ್ಲ ಕೂತಿದ್ದಾರೆ, ಶೀಲಾ..." ಎಂದು ಗುರುವಪ್ಪ ತಡವರಿಸಿದ.

"ಕೂತಿರ್ಲಿ. ಕರಿಮಣಿ ಇಲ್ಲ ಅಂದ್ರೆ ಎದ್ದು ಹೋಗ್ತಾರೆ. ಯಾವುದು ಆಗ್ಬೇಕು ನಿಮಗೆ?"

ಗುರುವಪ್ಪ ಸೊಂಟದಿಂದ ಬೀಗದ ಕೈ ತೆಗೆದ. ಮದುಮಗಳ ಅಪ್ಪನಾದ ಅವನೇ ಜರಿಯ ಶಾಲು ಹೊದ್ದುಕೊಂಡೇ ಅಟ್ಟ ಹತ್ತಿ ಬೈಹುಲ್ಲು ಕೆದಕಿ ಸೈಕಲ್ ಇಳಿಸಿದ. ಚಪ್ಪರದ ಎದುರಿನಿಂದಲೇ ಅದನ್ನು ತಳ್ಳಿಕೊಂಡು ಹೋಗಬೇಕಾಯಿತು. ತೀರ್ಥರಾಮ ಬೆಲ್ಲದ ತುಂಡನ್ನು ಬಾಯಿಯ ಹತ್ತಿರ ಹಿಡಿದವನು ಹಾಗೆಯೇ ಕುಳಿತ. ಶೀಲಾವತಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಹತ್ತಿದಳು.

ಅದು ಕೆಂಪು ಮುರಕಲ್ಲಿನ ಚರಳುಗಲ್ಲು ಹರಡಿದ ರಸ್ತೆ. ಮುಂದಿನ ಚಕ್ರ ಚರಳಿನ ಮೇಲೆ ಜಾರುವುದು, ಹ್ಯಾಂಡಲ್ ಅದುರುವುದು, ಎದುರಿನ ಎತ್ತಿನಗಾಡಿಗೆ ದಾರಿ ಬಿಡಲು ಅಂಚಿನ ಕೆಂಪು ಧೂಳಿಗೆ ಇಳಿಯುವುದು, ಎಲ್ಲವೂ ಅವಳಿಗೆ ಮೈಗೂಡಿದ ವಿದ್ಯೆ. ಏರಿನಲ್ಲಿ ಇಳಿದು ತಳ್ಳಿದಳು, ಇಳಿಜಾರಿನಲ್ಲಿ ಬ್ರೇಕು ಮುಟ್ಟಲಿಲ್ಲ. ಬೆಳ್ಳಾರೆ ಪೇಟೆ ಕಂಡಾಗ ಬೆನ್ನೆಲ್ಲ ಒದ್ದೆಯಾಗಿತ್ತು. ಹಿಂದೊಮ್ಮೆ ರೈತರ ದಂಡು ಬಂದು ಇಂಗ್ಲಿಷರ ಕೈಯಿಂದ ಕಿತ್ತುಕೊಂಡ ಖಜಾನೆ ಗುಡ್ಡದ ಮೇಲಿದ್ದ ಊರು ಅದು. ಆ ಪಾಠ ಮಾಡುವಾಗ ಅವಳ ಸ್ವರ ತಾನಾಗಿ ಏರುತ್ತಿತ್ತು. ಈ ದಿನ ಅದೇ ಗುಡ್ಡದ ಬುಡದಲ್ಲಿ ಸೈಕಲ್ ಇಳಿದು ನೋಡಿದರೆ ಆಚಾರಿಯ ಅಂಗಡಿಯ ಬಾಗಿಲಿಗೆ ಬೀಗ.

ಪಕ್ಕದ ಚಹಾದ ಹೋಟೆಲಿನ ಮಾಲಕ ಪೋಕರ್ ಗ್ಲಾಸು ತೊಳೆಯುತ್ತಾ ಇಣುಕಿದ. "ಆಚಾರಿಗಳಾ ಟೀಚರ್ರೆ? ಅವರು ಎಂಟು ಗಂಟೆಗೇ ಹೊರಟಾಯ್ತಲ್ಲ. ಮದುವೆ ಮನೆಯಿಂದ ಯಾರೂ ಬರ್ಲಿಲ್ಲ, ನಾನೇ ಕೊಟ್ಟು ಬರ್ತೇನೆ ಅಂತ ಕರಿಮಣಿ ಹಿಡ್ಕೊಂಡು ಹೋದ್ರು."

"ರಸ್ತೆಯಲ್ಲಿ ನಂಗೆ ಕಾಣ್ಲಿಲ್ಲ ಪೋಕರ್ ಕಾಕ!"

"ರಸ್ತೆಯಲ್ಲಿ ಯಾಕೆ ಹೋಗ್ತಾರೆ? ಬೈಲಿನಲ್ಲಿ ಹೋದ್ರೆ ಹತ್ತಿರ. ಆದ್ರೆ ಆ ಮಂಡಿನೋವು ಇಟ್ಕೊಂಡು ಯಾವಾಗ ಮುಟ್ಟುದೋ!"

ಪೋಕರ್ ಕೊಟ್ಟ ನೀರನ್ನು ಅರ್ಧ ಕುಡಿದು, ಅರ್ಧ ಮುಖಕ್ಕೆ ಎರಚಿಕೊಂಡು ಅವಳು ಹ್ಯಾಂಡಲ್ ತಿರುಗಿಸಿದಳು. ಗೋಡೆಯ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು.

ಪೇಟೆ ದಾಟಿದ ಮೇಲೆ ರಸ್ತೆ ಬಿಟ್ಟು ಬೈಲಿಗೆ ಇಳಿದಳು. ಕಣ್ಣು ಹಾಯುವಷ್ಟು ದೂರ ಚಪ್ಪಟೆಯಾದ ಗದ್ದೆ. ಸುಗ್ಗಿ ಬೆಳೆ ಕೊಯ್ದು ನೆಲ ಒಣಗಿತ್ತು. ನೀರು ಹರಿಯುವ ತೋಡಿನ ಬದಿಯ ನಾಲ್ಕು ಗದ್ದೆಗಳಲ್ಲಿ ಮಾತ್ರ ಮೂರನೆಯ ಬೆಳೆಯಾದ ಕೊಳಕೆಯ ಪೈರು ಹಸಿರಾಗಿತ್ತು. ಅಂಥಲ್ಲಿ ಕಿರಿದಾದ ಬದುವಿನ ಮೇಲೆ ಸೈಕಲ್ ಬಿಟ್ಟಳು. ಒಣ ಗದ್ದೆಯಲ್ಲಿ ಕೂಳೆಯ ಮೇಲೆ ಬಿಟ್ಟಳು. ಹಲ್ಲು ಕಟಕಟ ಎನ್ನುತ್ತಿತ್ತು. ಒಂದು ಬದು ಹಾರಿಸುವಾಗ ಚೈನ್ ಕಳಚಿಕೊಂಡಿತು. ಕುಕ್ಕರುಗಾಲಲ್ಲಿ ಕುಳಿತು ಬರಿಗೈಯಲ್ಲಿ ಸಿಕ್ಕಿಸಿದಳು. ತಲೆಯೆತ್ತಿದರೆ ದೂರದ ಹುಣಸೆ ಮರದ ಬುಡದಲ್ಲಿ ಒಂದು ಕಪ್ಪು ಕೊಡೆ.

ಸರ್ವೋತ್ತಮ ಆಚಾರಿ ಮಂಡಿಗೆ ಎಣ್ಣೆ ತಿಕ್ಕುತ್ತಾ ಕುಳಿತಿದ್ದರು. ಅರವತ್ತೈದು ದಾಟಿದ ತೆಳ್ಳಗಿನ ಜೀವ.

"ಆಚಾರ್ರೆ, ಕರಿಮಣಿ ಕೊಡಿ! ಮುಹೂರ್ತಕ್ಕೆ ಮುಕ್ಕಾಲು ಗಂಟೆ ಉಂಟು."

ಆಚಾರಿ ಸೊಂಟದ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅದಾಗುದಿಲ್ಲ. ಕರಿಮಣಿ ದಾರಿಯಲ್ಲಿ ಕೈ ಬದಲಾಗುದುಂಟಾ? ಮನೆ ಯಜಮಾನ ವೀಳ್ಯ ಹಿಡಿದು ನಿಂತ್ರೆ ಅವನ ಕೈಗೆ ಕೊಡುದು. ನನ್ನ ಅಪ್ಪ ನಿಮ್ಮ ಅವ್ವನ ಕರಿಮಣಿ ಕೊಟ್ಟದ್ದೂ ಹಾಗೆಯೇ."

"ನೀವು ಮುಟ್ಟುವಾಗ ಸಂಜೆ ಆಗ್ತದೆ!"

"ಆದ್ರೆ ಎಂತ ಮಾಡುದು? ಕ್ರಮ ಕ್ರಮವೇ."

ಶೀಲಾವತಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು. "ಹಾಗಾದ್ರೆ ಹತ್ತಿ."

"ಎಲ್ಲಿಗೆ?"

"ಕ್ಯಾರಿಯರಿಗೆ. ಕರಿಮಣಿ ನಿಮ್ಮ ಕೈಯಲ್ಲೇ ಇರ್ಲಿ. ನೀವು ನನ್ನ ಕೈಯಲ್ಲಿರಿ."

ಆಚಾರಿ ಸುತ್ತ ನೋಡಿದರು. ಬೈಲಿನಲ್ಲಿ ಎರಡು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. "ಬೀಳಿಸುದಿಲ್ಲ ಅಲ್ವಾ ಟೀಚರಮ್ಮ?" ಎಂದು ಕೇಳಿ, ಇಷ್ಟದೇವರನ್ನೆಲ್ಲ ನೆನೆದು, ಒಂದು ಕೈಯಲ್ಲಿ ಸೀಟಿನ ಸ್ಪ್ರಿಂಗನ್ನೂ ಇನ್ನೊಂದರಲ್ಲಿ ಸೊಂಟದ ಗಂಟನ್ನೂ ಹಿಡಿದು ಹತ್ತಿದರು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

ಇಬ್ಬರ ಭಾರಕ್ಕೆ ಟಯರು ಚಪ್ಪಟೆಯಾಯಿತು, ಆದರೂ ಸೈಕಲ್ ಹೊರಟಿತು. ತೋಡಿನ ಮೇಲೆ ಎರಡು ಅಡಿಕೆ ಮರ ಹಾಕಿದ ಸಂಕ ಬಂದಾಗ ಅವಳು ಸೈಕಲನ್ನು ಹೆಗಲಿಗೇರಿಸಿ ದಾಟಿದಳು. ತಿರುಗಿ ಬಂದು ಆಚಾರಿಯ ಕೈ ಹಿಡಿದು ದಾಟಿಸಿದಳು. ಮತ್ತೆ ಹತ್ತಿಸಿದಳು. ತೊಡೆ ಉರಿಯುತ್ತಿತ್ತು, ಸೀರೆಯ ಅಂಚು ಹರಿದಿತ್ತು. ರಸ್ತೆ ಸಿಕ್ಕಿ ಚರಳು ಚಕ್ರದಡಿ ಸದ್ದು ಮಾಡತೊಡಗಿದಾಗ ಹಿಂದಿನಿಂದ ಆಚಾರಿಯ ಸ್ವರ ಬಂತು: "ಸ್ವಲ್ಪ ಜೋರು ಬಿಡ್ಲಿಕ್ಕಾಗ್ತದಾ? ಗಾಳಿ ಒಳ್ಳೆದುಂಟು." ಆಗ ಅವಳಿಗಾದ ಸಂತೋಷಕ್ಕೆ ಪಾರವಿರಲಿಲ್ಲ. ಹನ್ನೆರಡು ವರ್ಷ ತುಳಿದ ಪೆಡಲೆಲ್ಲ ಈ ಒಂದು ಇಳಿಜಾರಿಗಾಗಿಯೇ ಇತ್ತೇನೋ ಅನ್ನಿಸಿತು.

ಗೇಟಿನ ತಿರುವಿನಲ್ಲಿ ಅವಳು ಬೆಲ್ಲು ಬಾರಿಸಿದಳು. ಚಪ್ಪರದ ಬಾಗಿಲಲ್ಲಿದ್ದ ವಾಲಗದವರು, ಯಾರೋ ದೊಡ್ಡ ಮನುಷ್ಯರು ಬಂದರೆಂದು ಅರ್ಧ ಎದ್ದು ಜೋರಾಗಿ ನುಡಿಸತೊಡಗಿದರು. ಆ ಮರ್ಯಾದೆಯ ನಡುವೆಯೇ ಶೀಲಾವತಿ ಅಂಗಳಕ್ಕೆ ಬಂದಿಳಿದಳು. ಕ್ಯಾರಿಯರಿನಿಂದ ಆಚಾರಿ ದಿಬ್ಬಣದ ಮದುಮಗನಿಗಿಂತ ಠೀವಿಯಿಂದ ಇಳಿದರು. ಕೂತವರೆಲ್ಲ ಎದ್ದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ, ಇಡೀ ಚಪ್ಪರ ನಕ್ಕಿತು. ಅವಳ ಹೆಸರು ಕೂಗಿ ಚಪ್ಪಾಳೆ ತಟ್ಟಿತು.

ಗುರುವಪ್ಪ ವೀಳ್ಯದೆಲೆಯ ಹರಿವಾಣ ಹಿಡಿದು ನಿಂತ. ಕರಿಮಣಿ ತೆಗೆದುಕೊಂಡ ಮೇಲೆ ತಂಗಿಯ ಕಡೆಗೆ ನೋಡಿ ಏನೋ ಹೇಳಲು ಬಾಯಿ ತೆರೆದ. ಆದರೆ ಭಟ್ಟರು, "ಗಂಟೆ ಹನ್ನೊಂದಾಯ್ತು, ಬೇಗ!" ಎಂದು ಕೂಗಿದರು.

ತೆಂಗಿನಕಾಯಿಯ ಮೇಲಿಟ್ಟ ಕರಿಮಣಿಯ ಹರಿವಾಣ ಹಿರಿಯರು ಮುಟ್ಟಿ ಹರಸುವುದಕ್ಕೆ ಚಪ್ಪರದಲ್ಲಿ ಹೊರಟಿತು. ಶೀಲಾವತಿ ಕೈ ತೊಳೆಯಲು ಬಾವಿಕಟ್ಟೆಯ ಕಡೆಗೆ ತಿರುಗಿದ್ದಳು.

"ನಿಲ್ಲಿ," ಎಂದಿತು ಮಂಟಪದಿಂದ ಒಂದು ಸ್ವರ. ಬೆಳಗಿನಿಂದ ತಲೆಯೆತ್ತದ ಮದುಮಗಳು ಕಮಲಾವತಿ ತಲೆಯೆತ್ತಿದ್ದಳು. "ಮೊದಲು ಅತ್ತೆ ಮುಟ್ಲಿ."

"ಕೈ ನೋಡು ಮಗಾ, ಚೈನಿನ ಮಸಿ," ಎಂದು ಶೀಲಾವತಿ ಎರಡೂ ಅಂಗೈ ತೋರಿಸಿದಳು.

"ಇರ್ಲಿ ಅತ್ತೆ. ಮುಟ್ಟಿ."

ಅವಳು ಕರಿಮಣಿಯನ್ನು ತುದಿ ಬೆರಳಿನಿಂದ ಮುಟ್ಟಿದಳು. ಎಷ್ಟು ಜಾಗ್ರತೆ ಮಾಡಿದರೂ ಹೆಬ್ಬೆರಳು ಬೋಳಿಸಿದ ತೆಂಗಿನಕಾಯಿಗೆ ತಾಗಿ, ಅಲ್ಲಿ ಒಂದು ಕಪ್ಪು ಗುರುತು ಬಿತ್ತು. ಹರಿವಾಣ ತೀರ್ಥರಾಮನ ಮುಂದೆ ಬಂತು. ಆತ ಆ ಗುರುತನ್ನು ನೋಡಿದ. ಹೆಗಲ ಬೈರಾಸು ಕೈಗೆ ತೆಗೆದುಕೊಂಡ. ಒರೆಸಿಯೇ ಬಿಡುತ್ತಾನೆಂದು ಎಲ್ಲರೂ ನೋಡುತ್ತಿದ್ದಂತೆ, ತನ್ನ ಹಣೆಯ ಬೆವರು ಒರೆಸಿಕೊಂಡು, ಬಗ್ಗಿ ಕರಿಮಣಿ ಮುಟ್ಟಿ ಕಣ್ಣಿಗೊತ್ತಿಕೊಂಡ.

ಹನ್ನೊಂದೂ ಹತ್ತಕ್ಕೆ ಅವ್ವನ ಗುಂಡುಗಳು ಕಮಲಾವತಿಯ ಕೊರಳಿಗೆ ಬಂದವು. ಅದೇ ತೆಂಗಿನಕಾಯಿಯನ್ನು ಮದುಮಕ್ಕಳ ಕೂಡಿಸಿದ ಕೈಗಳ ಮೇಲಿಟ್ಟರು. ಗುರುವಪ್ಪ ಧಾರೆ ಎರೆದ. ಹಾಲು ಕಾಯಿಯ ಮೇಲಿನಿಂದ ಸುರಿದು ಕೈಗಳ ಸಂದಿನಿಂದ ಕೆಳಗಿನ ಹರಿವಾಣಕ್ಕೆ ಇಳಿಯಿತು. ಚೈನಿನ ಎಣ್ಣೆಯ ಗುರುತಿಗೆ ಅದು ಅಂಟಲೇ ಇಲ್ಲ. ಗುರುವಪ್ಪ ತಂಗಿಯ ಕಡೆ ನೋಡಿ ನಕ್ಕು ಗಿಂಡಿಯನ್ನು ಇನ್ನಷ್ಟು ಬಗ್ಗಿಸಿದ. ಬಿಳಿ ಹಾಲು ಆ ಕಪ್ಪು ಹೆಬ್ಬೆರಳ ಗುರುತನ್ನು ಬಳಸಿಕೊಂಡು ಎರಡೂ ಬದಿಯಿಂದ ಹರಿಯಿತು.